ನಮ್ಮಾಕಿ

ಸ್ಟಾಫ್ ರೂಮಿನಲ್ಲಿ ಸಿದ್ದರಾಮೇಶ ಸರ್ ಯಾರದೋ ಮೊಬೈಲು ಹಿಡಿದು, ದನಿ ಸಣ್ಣದು ಮಾಡಿ, ಕುತ್ತಿಗೆ ಕೊಂಕಿಸಿ ಓದುತ್ತಿರುವುದು ತಾನೇ ಬರೆದ ಮಾತುಗಳನ್ನು ಎಂದು ಜಯಶ್ರೀಗೆ ಎರಡನೆಯ ಸಾಲಿಗೆ ಗೊತ್ತಾಯಿತು. “ಇವತ್ತು ನಮ್ಮಾಕಿ ಹೊಸಾ ಹಾಡಿನ ಆಲ್ಬಂ ಬಿಟ್ಟಾಳ. ಹೊಲದಾಗಿರ್ರಿ, ಬಸ್ಸಿನಾಗಿರ್ರಿ, ಕ್ಲಾಸಿನಾಗಿರ್ರಿ, ಕಿವಿಗೆ ಹಚ್ಚಿಕೊಂಡು ಕೇಳ್ರಿ. ಯಾರರ ಬೈದ್ರ ನನ್ನ ಹೆಸರು ಹೇಳ್ರಿ.” ಸುತ್ತ ಕೂತವರು ನಕ್ಕರು. ಜಯಶ್ರೀ ಆಗಷ್ಟೇ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚಿದ್ದಳು. ಆ ತುತ್ತು ಬಾಯಿಗೂ ಹೋಗದೆ ಡಬ್ಬಿಗೂ ಮರಳದೆ ಬೆರಳ ತುದಿಯಲ್ಲಿ ನಿಂತಿತು. ಬೆಳಿಗ್ಗೆ ಸಿಂಧನೂರು ಬಸ್ ನಿಲ್ದಾಣದಲ್ಲಿ, ಲಿಂಗಸುಗೂರು ಬಸ್ಸಿಗೆ ಕಾಯುತ್ತ, ಬ್ಯಾಗನ್ನು ಕಂಕುಳಲ್ಲಿ ಒತ್ತಿಕೊಂಡು ಹೆಬ್ಬೆರಳಿನಿಂದ ಆ ಸಾಲುಗಳನ್ನು ಬರೆಯುವಾಗ ಎದೆ ಹೇಗೆ ಹೊಡೆದುಕೊಂಡಿತ್ತು. ಮದುವೆಯಾದ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಹೆಂಗಸಿಗೆ ಇಷ್ಟು ಖುಷಿ ಆಗಬಾರದು ಎಂದು ಯಾರೋ ಎಲ್ಲೋ ಬರೆದಿಟ್ಟ ಹಾಗೆ ಆಚೀಚೆ ನೋಡಿದ್ದಳು. ಈಗ ಅವೇ ಮಾತುಗಳು ಸಿದ್ದರಾಮೇಶ ಸರ್ ಬಾಯಲ್ಲಿ ಎಲೆಅಡಿಕೆಯ ಜೊತೆಗೆ ಅಗಿದು ಬರುತ್ತಿದ್ದವು. ಅದಕ್ಕಿಂತ ಅಸಹ್ಯವೆಂದರೆ, ಎಲ್ಲರೂ ನಗುವಾಗ ತನ್ನ ಮುಖವೂ ನಗುತ್ತಿದೆ ಎಂಬುದು ಅವಳ ಅರಿವಿಗೆ ಬಂದದ್ದು. ಕೆನ್ನೆಯ ಸ್ನಾಯುಗಳು ಅವಳನ್ನು ಕೇಳದೆಯೇ ಆ ಕೋಣೆಯವರ ಕಡೆ ಸೇರಿಬಿಟ್ಟಿದ್ದವು.

ರೋಮಿ ಕಾರ್ಡನ್ ಎಂಬ ಆ ಹಾಡುಗಾರ್ತಿ ಎಲ್ಲಿಯವಳೋ. ಯಾವುದೋ ಬಂದರು ಊರಿನ ಮೀನು ಮಾರುಕಟ್ಟೆಯಲ್ಲಿ ಐಸು ಹೊರುವವನ ಮಗಳು. ಅವಳ ದನಿಯಲ್ಲಿ ಒಂದು ಒರಟುತನವಿತ್ತು. ದೂರದ ಹೊಲದಲ್ಲಿರುವವರನ್ನು ಬದುವಿನ ಮೇಲೆ ನಿಂತು ಕೂಗಿ ಕರೆಯುವ ಹೆಂಗಸರ ಗಂಟಲಿನ ಒರಟುತನ. ಮೊದಲ ಸಲ ಕೇಳಿದಾಗಲೇ ಜಯಶ್ರೀಗೆ ಇವಳು ನಮ್ಮಾಕಿ ಅನ್ನಿಸಿತ್ತು. ಅದೇ ಹೆಸರಿನಲ್ಲಿ ಒಂದು ಪೇಜು ಶುರು ಮಾಡಿದಳು. ಗಂಡ ಕನಕರಾಜ ಏಳುವ ಮೊದಲೇ ಎದ್ದು, ಇಂಗ್ಲಿಷ್ ಸೈಟುಗಳನ್ನೆಲ್ಲ ಜಾಲಾಡಿ, ರೋಮಿ ಯಾವ ಊರಿನಲ್ಲಿ ಹಾಡಿದಳು, ಯಾರ ಜೊತೆ ಕೂತು ಹಾಡು ಕಟ್ಟಿದಳು, ಯಾವ ಗಾಳಿಸುದ್ದಿ ಸುಳ್ಳು ಎಂದೆಲ್ಲ ಬರೆಯುವಳು. ರೋಮಿಯದಷ್ಟೇ ಅಲ್ಲ, ಅವಳ ಓರಗೆಯ ಬೇರೆ ಹಾಡುಗಾರರದ್ದೂ. ಪಾಠದ ಕನ್ನಡದಲ್ಲಲ್ಲ, ತವರೂರು ಗೊರೇಬಾಳದಲ್ಲಿ ಅವ್ವ ನಾಟಿ ಮಾಡುವಾಗ ಮಾತಾಡುವ ಕನ್ನಡದಲ್ಲಿ. ಮಂದಿಗೆ ಅದೇ ಹಿಡಿಸಿತು. ದಢೇಸುಗೂರಿನಿಂದ, ಗದಗಿನಿಂದ, ಎಲ್ಲೆಲ್ಲಿಂದಲೋ ಹುಡುಗಿಯರು “ಅಕ್ಕಾ” ಎಂದು ಬರೆಯತೊಡಗಿದರು. ಒಮ್ಮೆ ಮನೆಗೆ ಬಂದವರ ಮುಂದೆ ಕನಕರಾಜ, “ನಮ್ಮ ಮನಿಯಾಕಿ ಇನ್ನಾ ಹೈಸ್ಕೂಲ್ ಹುಡುಗಿ ನೋಡ್ರಿ, ಹಾಡಿನ ಹುಚ್ಚು,” ಎಂದು ಪ್ರೀತಿಯಿಂದಲೇ ನಕ್ಕಿದ್ದ. ಆ ಪ್ರೀತಿ ಅವಳನ್ನು ಎಷ್ಟು ಸಣ್ಣವಳನ್ನಾಗಿ ಮಾಡಿತೆಂದರೆ, ಪೇಜು ಬಂದ್ ಮಾಡಿದೆ ಎಂದು ಮರುದಿನ ಅವನಿಗೆ ಸುಳ್ಳು ಹೇಳಿದಳು. ಅಂದಿನಿಂದ ನಮ್ಮಾಕಿ ಪೇಜು ಬರೆಯುವವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

“ಇಲ್ಲಿ ಕೇಳ್ರಿ, ಇಲ್ಲಿ ಕೇಳ್ರಿ,” ಎಂದು ಸಿದ್ದರಾಮೇಶ ಸರ್ ಪರದೆಯನ್ನು ಮತ್ತೆ ಮತ್ತೆ ಮುಟ್ಟುತ್ತಿದ್ದರು, ಅದು ಮುಚ್ಚಿಕೊಂಡರೆ ಮತ್ತೆ ತೆರೆಯಲು ಬಾರದೆಂದು. “ಇದು ಈ ಮೊಬೈಲಿನ ಹುಡುಗಿ ಆ ಪೇಜಿಗೆ ಬರೆದದ್ದು. ‘ಅಕ್ಕಾ, ಕುರಿ ಹಿಂದ ಹೋದಾಗ ರೋಮಿ ಹಾಡು ಹಚ್ಚಿದ್ರ, ಎಲ್ಲಾ ಕುರಿ ಆಕಿ ತಾಳಕ್ಕ ನಡದಂಗ ಕಾಣ್ತಾವ.’” ಮತ್ತೆ ನಗು. “‘ನಾನೂ ಹಾಡು ಬರ್ಯಾಕತ್ತೀನಕ್ಕಾ. ಯಾರಿಗೂ ತೋರಿಸಿಲ್ಲ.’ ಅದಕ್ಕ ಉತ್ತರ ನೋಡ್ರಿ. ‘ಬರಿ ಯಾಮಿ. ನಿನ್ನ ಹಾಡು ಮೊದಲು ಕೇಳಾಕಿ ನಾನು.’ ಯಾಮಿ ಅಂತ! ಹಾಜರಿ ಪುಸ್ತಕದಾಗ ಯಮನಮ್ಮ, ಇಲ್ಲಿ ಯಾಮಿ!”

ಯಾಮಿ. ಜಯಶ್ರೀಯ ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು. ಎಷ್ಟೋ ದಿನಗಳಿಂದ ಬರೆಯುತ್ತಿದ್ದ ಆ ಹುಡುಗಿ, ಬೆಳಿಗ್ಗೆ ಪೇಜು ತೆರೆದರೆ ತಾನು ಮೊದಲು ಯಾರ ಮಾತಿಗಾಗಿ ಹುಡುಕುತ್ತಿದ್ದಳೋ ಆ ಯಾಮಿ, ತನ್ನದೇ ಬಿ.ಎ. ಎರಡನೇ ವರ್ಷದ ತರಗತಿಯಲ್ಲಿ, ಕಿಟಕಿಯ ಬದಿಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಮಸ್ಕಿಯ ಯಮನಮ್ಮ. ಹೋದ ತಿಂಗಳು ಬೇಡಿಕೆಯ ನಿಯಮ ಕೇಳಿದಾಗ ಎದ್ದು ನಿಂತು ಸುಮ್ಮನೇ ಇದ್ದವಳನ್ನು, “ಬಾಯಿಲ್ಲೇನು ನಿನಗ?” ಎಂದು ಗದರಿಸಿ ಪೂರಾ ಪೀರಿಯಡ್ಡು ನಿಲ್ಲಿಸಿದ್ದಳು. ಅದೇ ದಿನ ಬಸ್ಸಿನಲ್ಲಿ ಯಾಮಿಗೆ, ನಿನ್ನ ಮಾತು ಓದಿದರೆ ನನಗೆ ದಿನ ಹಗುರಾಗುತ್ತದೆ ಎಂದು ಬರೆದಿದ್ದಳು.

“ಇದು ಹೆಂಗಸಲ್ರಿ,” ಎಂದರು ಸಿದ್ದರಾಮೇಶ ಸರ್, ಈಗ ತಮ್ಮ ನಿಜವಾದ ದನಿಯಲ್ಲಿ. “ಯಾವನೋ ಬೇಕಾರ್ ಗಂಡಸು ಹೆಂಗಸಿನ ಹೆಸರಿಟ್ಟುಕೊಂಡು ಹುಡುಗ್ಯಾರಿಗೆ ಗಾಳ ಹಾಕಾಕತ್ತಾನ. ನಿನ್ನ ಹಾಡು ಮೊದಲು ಕೇಳಾಕಿ ನಾನಂತ! ನನ್ನ ಕ್ಲಾಸಿನಾಗ ಓಡ್ನಿ ಒಳಗ ಇಯರ್‌ಫೋನ್ ವಯರ್ ಇಟ್ಟುಕೊಂಡು ಕುಂತಾಳ್ರಿ. ಏನಬೇ ಅದು ಅಂದ್ರ, ‘ನಮ್ಮಾಕಿ ಹೇಳ್ಯಾಳ್ರಿ ಸರ್’ ಅಂತಾಳ. ಇಡೀ ಕ್ಲಾಸ್ ನಗತೈತಿ. ಮೊಬೈಲ್ ಕಸಗೊಂಡು, ಅವರಪ್ಪಗ ಫೋನ್ ಮಾಡಿ ಹೇಳೀನಿ, ನಿಮ್ಮ ಮಗಳು ಗುರುತಿಲ್ಲದವನ ಕೂಡ ಮಾತಿಗೆ ಬಿದ್ದಾಳ, ಹುಷಾರು ಅಂತ.”

ಒಂದೇ ಮಾತು. ಸರ್, ಅದು ನಾನು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ಗಂಟಲಿನವರೆಗೆ ಬಂತು ಎಂದು ಆಮೇಲೆ ಅವಳು ತನಗೆ ತಾನೇ ಹೇಳಿಕೊಂಡಳು, ಆದರೆ ಬಂದಿರಲಿಲ್ಲ. ಬಂದದ್ದು ಬೇರೆ ಲೆಕ್ಕಾಚಾರ. ಅವಳು ಅತಿಥಿ ಉಪನ್ಯಾಸಕಿ, ಪ್ರತಿ ವರ್ಷ ಹೊಸದಾಗಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿದ್ದರಾಮೇಶ ಸರ್ ಕಾಯಂ ಆದವರು, ಶಿಸ್ತು ಸಮಿತಿಯವರು, ಅವಳ ಬಸ್ಸಿಗೆ ಹೊಂದುವ ಹಾಗೆ ವೇಳಾಪಟ್ಟಿ ಬದಲಿಸಿ ಕೊಟ್ಟವರು. ಇಷ್ಟು ಹೊತ್ತು ನಕ್ಕಿದ್ದ ಕೋಣೆ ತನ್ನ ಕಡೆ ತಿರುಗಿ ಮತ್ತೊಮ್ಮೆ ನಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ; ಒತ್ತಿದಳು, ಮತ್ತೆ ಒತ್ತಿದಳು.

“ಮೇಡಂ, ನೀವು ಹೆಣ್ಣುಮಕ್ಕಳು. ತಪ್ಪಾತು ಅನ್ನು ಅಂದ್ರ ಒಲ್ಲೆ ಅಂತಾಳ, ಹೊರಗ ನಿಂತಾಳ. ನೀವೊಂದೀಟು ಬುದ್ಧಿ ಹೇಳ್ರಿ ಆಕಿಗೆ,” ಎಂದರು ಸಿದ್ದರಾಮೇಶ ಸರ್.

ವರಾಂಡದಲ್ಲಿ ಯಮನಮ್ಮ ಕಂಬಕ್ಕೆ ಒರಗದೆ ನಿಂತಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಜಯಶ್ರೀಗೆ ಅನ್ನಿಸಿತು, ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು. ಹುಡುಗಿ ನೇರ ನೋಡಿ, “ಅದು ಗಂಡಸಲ್ರಿ ಮೇಡಂ. ನಂಗೊತ್ತು. ಸರ್ ಸುಳ್ಳು ಹೇಳಾಕತ್ತಾರ,” ಎಂದಳು. ಕಿಟಕಿಯ ಆಚೆಯಿಂದ ಸಿದ್ದರಾಮೇಶ ಸರ್ ನೋಡುತ್ತಿದ್ದರು. ಆಗ ಜಯಶ್ರೀಯ ಬಾಯಿ, ಅವಳದೇ ಬಾಯಿ, ಪಾಠ ಹೇಳುವ ದನಿಯಲ್ಲಿ ಹೇಳಿತು: “ನಿನಗ ಹೆಂಗ ಗೊತ್ತಾಗತೈತಿ? ಆನ್‌ಲೈನಿನಾಗ ಯಾರು ಯಾರೋ ಇರ್ತಾರ. ತಪ್ಪಾತು ಅಂದುಬಿಡು, ಮುಗೀತು.” ಯಮನಮ್ಮನ ಮುಖದಲ್ಲಿ ಏನೋ ಒಂದು ಮುಚ್ಚಿಕೊಂಡಿತು. “ನಾ ಅನ್ನಂಗಿಲ್ರಿ,” ಎಂದು, ಮೊಬೈಲನ್ನೂ ಕೇಳದೆ ಗೇಟಿನ ಕಡೆ ನಡೆದುಬಿಟ್ಟಳು.

ಮಧ್ಯಾಹ್ನದ ತರಗತಿಗಳು ಹೇಗೆ ಮುಗಿದವೋ. ಸಿಂಧನೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಬದಿ ಸೀಟು ಸಿಕ್ಕಿತು, ಇಯರ್‌ಫೋನು ಹಾಕಿಕೊಂಡಳು, ಎರಡು ವರ್ಷ ಕಾದ ಆಲ್ಬಂ ಹಚ್ಚಿದಳು. ಬೆಳಿಗ್ಗೆ ಅರ್ಧ ಕೇಳಿ ಮಿಕ್ಕದ್ದನ್ನು ಸಂಜೆಗೆಂದು ಉಳಿಸಿಕೊಂಡಿದ್ದಳು, ಹಬ್ಬದ ಹೋಳಿಗೆ ತೆಗೆದಿಡುವ ಹಾಗೆ. ಈಗ ರೋಮಿಯ ದನಿ ಕಿವಿಯಲ್ಲಿ ಬೈದಂತೆ ಕೇಳಿತು. ಕಿತ್ತು ತೆಗೆದಳು. ಪೇಜು ತೆರೆದರೆ ಮಾತುಗಳ ಮೇಲೆ ಮಾತು: ಅಕ್ಕಾ ಯಾವ ಹಾಡು ಹಿಡಿಸಿತು, ಅಕ್ಕಾ ನಾಲ್ಕನೇದು ಕೇಳಿ ಅತ್ತೆ, ಅಕ್ಕಾ ನೀ ಎಲ್ಲಿದ್ದಿ. ಅವಳಿಗೆ ಸಿಟ್ಟು ಬಂತು. ಮೊದಲು ಸಿದ್ದರಾಮೇಶ ಸರ್ ಮೇಲೆ, ಆ ಎಲೆಅಡಿಕೆಯ ಬಾಯಿಯ ಮೇಲೆ, ಒಂದು ಹುಡುಗಿಯ ಗುಟ್ಟನ್ನು ಹುಡುಗಿಯ ದನಿ ಮಾಡಿ ಓದುವ ಅಷ್ಟು ವಯಸ್ಸಾದ ಗಂಡಸಿನ ಮೇಲೆ. ಆಮೇಲೆ ನಕ್ಕವರ ಮೇಲೆ; ಅವರೂ ಮನೆಗೆ ಹೋಗಿ ಮೊಬೈಲಿನಲ್ಲಿ ಏನೇನೋ ನೋಡುವವರೇ. ಆಮೇಲೆ ಕನಕರಾಜನ ಪ್ರೀತಿಯ ಮೇಲೆ. ಕುರಿಗಳು ತಾಳಕ್ಕೆ ನಡೆದ ಹಾಗೆ ಕಾಣುತ್ತವೆ ಎಂದು ಬರೆಯಬಲ್ಲ ಹುಡುಗಿಗೆ ತಾನು ಬೇಡಿಕೆಯ ನಿಯಮ ಕೇಳಿ ಬಾಯಿಲ್ಲೇನು ಎಂದಿದ್ದಳು. ಯಾರಿಗೆ ಬಾಯಿಲ್ಲ? ಹಿಂದಿನ ಸೀಟಿನಲ್ಲಿ ಯಾರೋ ಜೋರಾಗಿ ರೀಲ್ಸು ಹಚ್ಚಿದ್ದರು. “ಸೌಂಡ್ ಕಡಿಮಿ ಮಾಡ್ರಿ!” ಎಂದು ಇಡೀ ಬಸ್ಸು ತಿರುಗಿ ನೋಡುವ ಹಾಗೆ ಚೀರಿದಳು. ಹಿಂದಿದ್ದ ಮುದುಕ ಗಾಬರಿಯಿಂದ ಗುಂಡಿ ಹುಡುಕಿದ. ಇಲ್ಲಿ ಬರುತ್ತದೆ ಬಾಯಿ, ಈ ಬಡಪಾಯಿಯ ಮುಂದೆ. ಕಂಡಕ್ಟರು “ಮಸ್ಕಿ, ಮಸ್ಕಿ” ಎಂದು ಬಾಗಿಲು ಬಡಿದಾಗ ಅವಳು ಇಳಿದುಬಿಟ್ಟಿದ್ದಳು. ಇಳಿಯಬೇಕೆಂದು ಯಾವಾಗ ನಿರ್ಧರಿಸಿದಳು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮಿರ್ಚಿ ಬಂಡಿಯವಳು ಯಮನಮ್ಮನ ಅಪ್ಪ ಕುರಿ ಅಂಬಪ್ಪನ ಮನೆ ತೋರಿಸಿದಳು. ಗುಡ್ಡದ ಬುಡಕ್ಕೆ, ಓಣಿಯ ಕೊನೆಗೆ. ಕುರಿಗಳು ಆಗಲೇ ಬಂದಿದ್ದವು. ಅಂಗಳದ ತುಂಬ ಉಣ್ಣೆಯ, ಹಿಕ್ಕೆಯ ಬಿಸಿ ವಾಸನೆ. ಯಮನಮ್ಮನ ತಾಯಿ ಆದಮ್ಮ ಕೈಯಲ್ಲಿ ಕಸಬರಿಗೆ ಹಿಡಿದೇ ಬಾಗಿಲಿಗೆ ಬಂದಳು.

“ಮತ್ತೇನರ ಹೇಳೂದು ಉಳದೈತೇನ್ರಿ ಕಾಲೇಜಿನವರದು?”

“ನಾ ಒಂದು ಮಾತು ಹೇಳಾಕ ಬಂದೀನ್ರಿ ಯವ್ವಾ. ಆ ನಮ್ಮಾಕಿ ಅನ್ನೂದು ಗಂಡಸಲ್ಲ. ಅದು ನಾನೇ ರೀ.”

ಕಾಲು ತೊಳೆಯುತ್ತಿದ್ದ ಅಂಬಪ್ಪ ತಂಬಿಗೆ ಕೆಳಗಿಟ್ಟ. ಅವನಿಗೆ ಅರ್ಥವಾಗಲಿಲ್ಲ. ಅವಳು ತನ್ನ ಮೊಬೈಲು ತೆರೆದು ಮುಂದೆ ಹಿಡಿದಳು. ಅದನ್ನು ಅವನು ದೂರದಿಂದಲೇ ನೋಡಿ, “ಯಮನೀ, ಬಾ ಇಲ್ಲಿ. ಏನೈತಿ ನೋಡು ಇದರಾಗ,” ಎಂದು ಕೂಗಿದ.

ಯಮನಮ್ಮ ಒಳಗಿನಿಂದ ಬಂದಳು. ಒಂದು ಕೆನ್ನೆ ಊದಿಕೊಂಡಿತ್ತು. ಪರದೆಯ ಮೇಲೆ ತಾನು ಬರೆದದ್ದೆಲ್ಲ ಇನ್ನೊಂದು ಬದಿಯಿಂದ ಕಾಣುತ್ತಿತ್ತು. ತನ್ನ ಮಾತು ಎಡಕ್ಕೆ, ಅಕ್ಕನ ಮಾತು ಬಲಕ್ಕೆ. ಅವಳು ಬಹಳ ಹೊತ್ತು ನೋಡಿದಳು. ಈಗ ಈ ಹುಡುಗಿ ಅಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಎಂದು ತಾನು ದಾರಿಯುದ್ದಕ್ಕೂ ಎಣಿಸುತ್ತ ಬಂದದ್ದು ಜಯಶ್ರೀಗೆ ಆ ಕ್ಷಣದಲ್ಲಿ ಗೊತ್ತಾಗಿ ನಾಚಿಕೆಯಾಯಿತು.

“ಸರ್ ಓದುವಾಗ ನೀವು ಅಲ್ಲೇ ಕುಂತಿದ್ರಿ?”

“ಹೂಂ.”

“ಆಮ್ಯಾಲೆ ವರಾಂಡದಾಗ, ಯಾರು ಯಾರೋ ಇರ್ತಾರ ಅಂದ್ರಿ.”

“ಅಂದೆ.”

“ಅದನ್ನ ಹೆಂಗಂದ್ರಿ ಮೇಡಂ? ನನ್ನ ಮಾರಿ ನೋಡಿಕೊಂತ ಹೆಂಗಂದ್ರಿ?”

ಹೆದರಿದೆ ಎನ್ನಬಹುದಿತ್ತು. ಆದರೆ ಹೆದರಬೇಕಾದ ಎಲ್ಲವನ್ನೂ ಅನುಭವಿಸಿ ನಿಂತಿದ್ದವಳ ಮುಂದೆ ಆ ಮಾತು ಆಡಲು ನಾಲಿಗೆ ಏಳಲಿಲ್ಲ. ಯಮನಮ್ಮ ತಿರುಗಿ ಒಳಗೆ ಹೋದಳು. ಆದಮ್ಮ ಕಸಬರಿಗೆ ಎಸೆದಳು. “ಆ ಕೆನ್ನಿ ನೋಡಿದ್ರೇನ್ರಿ? ನಾ ಬಡದೀನಿ, ನಾನು! ಎಂದೂ ಮುಟ್ಟದಾಕಿ, ಹಡದ ಮಗಳನ್ನ ಬಡದೀನಿ. ಯಪ್ಪಾ ದೇವ್ರೇ, ಅದು ಹೆಂಗಸು ಯವ್ವಾ ಅಂತ ಬಾಯಿ ಬಡಕೊಂಡು ಹೇಳಿದ್ಲು, ನಾ ನಂಬಲಿಲ್ಲ. ಓದಿದವ್ರು ಹೇಳ್ಯಾರಲ್ಲ, ಖರೇ ಇರಬೇಕು ಅಂದೆ. ನೀವೊಂದು ಮಾತು ಆಡಿದ್ರ ನನ್ನ ಕೈ ಏಳತಿತ್ತೇನ್ರಿ?”

ಅಂಬಪ್ಪ ಹೆಂಡತಿಯನ್ನು ಸುಮ್ಮನಿರಿಸಲಿಲ್ಲ. ಅವಳು ಮುಗಿಸುವವರೆಗೆ ಕಾದು, ಆಮೇಲೆ ಹೇಳಿದ: “ಇಲ್ಲಿ ಹೇಳಿದ್ರ ನಮ್ಮ ಮನಿ ಗ್ವಾಡಿ ಅಷ್ಟ ಕೇಳ್ತಾವ್ರಿ ಅಕ್ಕೋರ. ಅವ್ರು ಫೋನ್ ಮಾಡಿದಾಗ ನಾ ಹ್ವಾಟಲ್ ಮುಂದ ಮಂದಿ ನಡುವ ಇದ್ದೆ. ಎಲ್ಲಾರೂ ಕೇಳ್ಯಾರ. ನಮ್ಮ ಇಜ್ಜತ್ ಅಲ್ಲಿ ಹೋಗೈತಿ, ಅಲ್ಲೇ ಬರಬೇಕು. ನಾಳಿ ನಾ ಮಗಳನ್ನ ಕರಕೊಂಡು ಕಾಲೇಜಿಗೆ ಬರ್ತೀನಿ. ಆ ಸರ್ ಎದುರಿಗೆ ಹಿಂಗ ಹೇಳ್ತೀರಿಲ್ಲ?”

“ಹೇಳ್ತೀನ್ರಿ.”

ಅವನು ನಂಬಿದ ಹಾಗೆ ಕಾಣಲಿಲ್ಲ. ಆದರೂ ಓಣಿಯ ತುದಿಯವರೆಗೆ ಬಂದು, ಸಿಂಧನೂರು ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿದ.

ಮನೆಯಲ್ಲಿ ಕನಕರಾಜ ಅಂಗಡಿಯಿಂದ ಬಂದು ಕೂತಿದ್ದ. ಔಷಧದ ಘಾಟು ಅವನ ಅಂಗಿಯಿಂದ ಎಂದೂ ಹೋಗುತ್ತಿರಲಿಲ್ಲ. ಎಲ್ಲವನ್ನೂ ಕೇಳಿ ಅವನು ಮೊದಲು ಹೇಳಿದ್ದು, “ಅಂದ್ರ ನೀ ಬಂದ್ ಮಾಡೇ ಇಲ್ಲ?” ಎಂದು. ನಗುತ್ತಲೇ ಹೇಳಿದ. ಆಮೇಲೆ ನಗು ನಿಂತಿತು. “ಹೇಳಬ್ಯಾಡ ಜಯಾ. ಆ ಮನುಷ್ಯ ಹಗೆ ಇಟ್ಟುಕೊಳ್ತಾನ. ಮುಂದಿನ ವರ್ಷ ಕರಿಯಂಗಿಲ್ಲ ನಿನ್ನ. ಹೋಗಿ ಹೋಗಿ ಒಂದು ಹಾಡಿನ ಸಲುವಾಗಿ ಕೆಲಸ ಕಳಕೊಳ್ತಿ?”

“ಹಾಡಿನ ಸಲುವಾಗಿ ಅಲ್ಲ,” ಎಂದಳು. ಹೇಳಿದ ಮೇಲೆ ಅದೂ ಒಂದು ಅಡಗುವಿಕೆ ಅನ್ನಿಸಿತು. ಹಾಡು ಸಣ್ಣದು, ಬೇರೆ ಯಾವುದೋ ದೊಡ್ಡದಿದೆ ಎಂದು ಯಾಕೆ ತೋರಿಸಬೇಕು? ಆ ಹುಡುಗಿಯೂ ತಾನೂ ಒಬ್ಬರನ್ನೊಬ್ಬರು ಕಂಡದ್ದು ಹಾಡಿನ ಒಳಗೇ. “ಹೌದು, ಹಾಡಿನ ಸಲುವಾಗೇ. ನನಗ ಅದು ಬೇಕು. ಅದಕ್ಕ ನೀ ಇನ್ನ ಮ್ಯಾಲೆ ಮಂದಿ ಮುಂದ ನಗಬ್ಯಾಡ.” ಕನಕರಾಜ ಅವಳನ್ನು ಎಂದೂ ನೋಡದವರನ್ನು ನೋಡುವ ಹಾಗೆ ನೋಡಿದ. ಆಮೇಲೆ ಟಿವಿಯ ದನಿ ಕಡಿಮೆ ಮಾಡಿದ.

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಂಬಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿದ್ದ, ಹೆಗಲ ಮೇಲೆ ತೊಳೆದ ಟವೆಲು, ಹಿಂದೆ ಯಮನಮ್ಮ. ಯಾರೂ ಕೂರಲು ಹೇಳಲಿಲ್ಲ. ಜಯಶ್ರೀ ಎದ್ದು ತನ್ನ ಕುರ್ಚಿ ಸರಿಸಿ ಕೊಟ್ಟಳು. ಅವನು ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇದ್ದ. ಸಿದ್ದರಾಮೇಶ ಸರ್, “ಬರ್ರಿ ಯಜಮಾನ್ರ, ತಿಳಿಸಿ ಹೇಳಿದ್ರೇನು ಮಗಳಿಗೆ?” ಎಂದರು. ಬಸ್ಸಿನಲ್ಲಿ ಜಯಶ್ರೀ ಬಹಳ ಮಾತುಗಳನ್ನು ಜೋಡಿಸಿಟ್ಟಿದ್ದಳು, ಕೋರ್ಟಿನಲ್ಲಿ ವಕೀಲರು ಹೇಳುವ ಹಾಗೆ. ಅವೆಲ್ಲ ಎಲ್ಲೋ ಬಿದ್ದುಹೋಗಿದ್ದವು.

“ಸರ್, ಆ ಪೇಜು ನಂದು. ನಮ್ಮಾಕಿ ಅಂತ ಬರಿಯಾಕಿ ನಾನು. ನಿನ್ನೆ ನೀವು ಓದುವಾಗ ನನಗ ಗೊತ್ತಿತ್ತು, ನಾ ಹೇಳಲಿಲ್ಲ. ಗಂಡಸು ಅಂತ ಇವರಪ್ಪಗ ನೀವು ಹೇಳಿದ್ದು ಸುಳ್ಳು.”

ಯಾರೋ ಮೂಗಿನಲ್ಲಿ ನಕ್ಕರು. “ನೀವಾ ಮೇಡಂ? ಈ ವಯಸ್ಸಿನಾಗ?” ಎಂದರು ಸಿದ್ದರಾಮೇಶ ಸರ್. ಅವರ ಕಿವಿಗಳು ಕೆಂಪಾಗಿದ್ದವು.

“ಹೌದ್ರಿ. ಈ ವಯಸ್ಸಿನಾಗ.”

ಪ್ರಿನ್ಸಿಪಾಲರು ಒಳಗೆ ಬಂದು, ವಿಷಯ ಕೇಳಿ, ಕನ್ನಡಕ ಒರೆಸುತ್ತ, ಇದನ್ನು ಬೆಳೆಸುವುದು ಬೇಡ, ಹುಡುಗಿಯ ಮೊಬೈಲು ಕೊಟ್ಟುಬಿಡಿ ಎಂದರು. ಹೋಗುವಾಗ ಜಯಶ್ರೀಯ ಕಡೆ ತಿರುಗಿ, “ಮೇಡಂ, ಮುಂದಿನ ವರ್ಷದ್ದು ಆಮ್ಯಾಲೆ ಮಾತಾಡೋಣ,” ಎಂದರು. ಎಲ್ಲರಿಗೂ ಕೇಳಿಸುವ ಹಾಗೆ, ಮೆಲ್ಲಗೆ. ಸಿದ್ದರಾಮೇಶ ಸರ್ ಡ್ರಾವರಿನಿಂದ ಮೊಬೈಲು ತೆಗೆದು ಮೇಜಿನ ಮೇಲೆ ದೂಡಿದರು. “ತಗೋ. ಮುಗೀತಲ್ಲ. ಕ್ಲಾಸಿಗೆ ನಡಿ.”

ಯಮನಮ್ಮ ಮೊಬೈಲು ತೆಗೆದುಕೊಂಡು ಓಡ್ನಿಯ ತುದಿಯಿಂದ ಒರೆಸಿದಳು. ಹೋಗಲಿಲ್ಲ.

“ಸರ್, ನಾ ಬರೆದದ್ದನ್ನ ಎಲ್ಲಾರ ಮುಂದ ಅಣಕಿಸಿ ಓದಿದ್ರಿ. ನಮ್ಮಪ್ಪಗ ಸುಳ್ಳು ಹೇಳಿದ್ರಿ. ತಪ್ಪಾತು ಅನ್ರಿ.”

“ಏನು?”

“ತಪ್ಪಾತು ಅನ್ರಿ ಸರ್. ನಿನ್ನೆ ನನಗ ಅನ್ನು ಅಂದ್ರಲ್ಲ. ನಾ ತಪ್ಪು ಮಾಡಿರಲಿಲ್ಲ, ಅನಲಿಲ್ಲ. ನೀವು ಮಾಡೀರಿ.”

ಅವಳ ದನಿ ದೊಡ್ಡದಾಗಿರಲಿಲ್ಲ, ಆದರೆ ನಡುಗುತ್ತಲೂ ಇರಲಿಲ್ಲ. ಅಂಬಪ್ಪ ಮಗಳನ್ನು ತಡೆಯಲು ಕೈ ಎತ್ತಿದವನು ಹಾಗೆಯೇ ಇಳಿಸಿದ. ಜಯಶ್ರೀ ಆ ಹುಡುಗಿಯ ಮುಖವನ್ನು ನೋಡುತ್ತಿದ್ದಳು. ನಿನ್ನೆಯಿಂದ ತಾನು ಹೊತ್ತು ತಿರುಗುತ್ತಿದ್ದ ಸಿಟ್ಟಿನಲ್ಲಿ ಬಹುಪಾಲು ತನ್ನ ಬಗೆಗಿನ ಮರುಕವೇ ಇತ್ತು. ನಿಜವಾದ ಸಿಟ್ಟು ಇಲ್ಲಿತ್ತು, ತೊಳೆದಿಟ್ಟ ಪಾತ್ರೆಯ ಹಾಗೆ ಚೊಕ್ಕಟವಾಗಿ. ಬೆಲ್ಲು ಹೊಡೆಯಿತು. ಹೊರಗೆ ಹುಡುಗರು ಓಡಾಡುವ ಸದ್ದು, ಆಮೇಲೆ ಬಾಗಿಲಲ್ಲಿ ಒಂದೊಂದೇ ಮುಖ. ಸಿದ್ದರಾಮೇಶ ಸರ್ ಹಾಜರಿ ಪುಸ್ತಕ ಎತ್ತಿಕೊಂಡು ಎದ್ದರು. “ದಾರಿ ಬಿಡಬೇ,” ಎಂದರು.

ಯಮನಮ್ಮ ಮೇಜಿಗೂ ಬಾಗಿಲಿಗೂ ನಡುವೆ ನಿಂತಿದ್ದಳು. ಕದಲಲಿಲ್ಲ.

ಜಯಶ್ರೀಗೂ ಕ್ಲಾಸು ಇತ್ತು. ಅವಳು ಹೋಗಿ ಹುಡುಗಿಯ ಪಕ್ಕದಲ್ಲಿ ನಿಂತಳು. ಯಮನಮ್ಮ ಅವಳ ಕಡೆ ನೋಡದೆ ಒಂದು ಹೆಜ್ಜೆ ಆಚೆ ಸರಿದು, ನಡುವೆ ಅಂತರ ಮಾಡಿಕೊಂಡಳು. ಜಯಶ್ರೀ ಆ ಅಂತರವನ್ನು ತುಂಬಲು ಹೋಗಲಿಲ್ಲ, ನಿಂತಲ್ಲೇ ನಿಂತಳು. ಸಿದ್ದರಾಮೇಶ ಸರ್ ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು, ಬಾಗಿಲಲ್ಲಿ ತುಂಬಿಕೊಂಡ ಮುಖಗಳನ್ನು ನೋಡಿದರು. ಆಮೇಲೆ ಹಾಜರಿ ಪುಸ್ತಕವನ್ನು ಮತ್ತೆ ಮೇಜಿನ ಮೇಲಿಟ್ಟರು.